ಕೊಡ ಎತ್ತದ ಮೇಷ್ಟ್ರು ಬರೆದ ನಲ್ಲಿಯ ಪ್ಲಾನು

ಎರಡು ತಿಂಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ನಮ್ಮ ಓಣಿಯ ಗಂಡಸರೆಲ್ಲ ಜಗಲಿ ಮೇಲೆ ಕೂತು ನೋಡುತ್ತಿರುವಾಗ ನಾನು ಒಂದು ಕೊಡ ನೀರು ಎತ್ತಲು ಹೋಗಿ ಸೋತೆ.

ಈ ಅಂಕಣ ಓದುವವರು ನಗಬೇಡಿ. ತಾಮ್ರದ ಕೊಡ, ಕಂಠಮಟ್ಟ ನೀರು, ಅದೂ ಎರಡಡಿ ಗುಂಡಿಯ ತಳದಲ್ಲಿ. ನೀವೂ ಒಮ್ಮೆ ಎತ್ತಿ ನೋಡಿ, ಆಮೇಲೆ ಮಾತಾಡೋಣ.

ಶಾಲೆಗೆ ಹೊರಟಿದ್ದೆ. ಇಸ್ತ್ರಿ ಮಾಡಿದ ಪಂಚೆ, ಕಂಕುಳಲ್ಲಿ ಪರೀಕ್ಷೆ ಪೇಪರಿನ ಕಟ್ಟು. ಬೀದಿ ನಲ್ಲಿಯ ಹತ್ತಿರ ನೀಲವ್ವ ಒಬ್ಬಳೇ ನಿಂತಿದ್ದಳು. ಓಣಿಯ ಕೊನೆ ಮನೆಯವಳು, ಗಂಡ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಏಳು ತಿಂಗಳ ಬಸುರಿ.

‘ಮೇಷ್ಟ್ರೇ, ಒಂಚೂರು ಕೈ ಹಚ್ರಿ. ಎಲ್ಲಾರೂ ತುಂಬಿಸ್ಕೊಂಡು ಹೋದ್ರು’ ಎಂದಳು.

ಹಚ್ಚದೆ ಇರಲಾದೀತೇ? ಗುಂಡಿಯ ಅಂಚಿಗೆ ನಿಂತು ಬಗ್ಗಿದೆ. ಕೊಡದ ಕಂಠ ಹಿಡಿದು ಎತ್ತಿದೆ. ಅರ್ಧಕ್ಕೆ ಬಂತು, ಸೊಂಟದಲ್ಲಿ ಚಳಕ್ ಅಂತು. ಕೊಡ ವಾಪಸ್ ಗುಂಡಿಗೆ, ನೀರು ನನ್ನ ಪಂಚೆಗೆ, ಪೇಪರು ಕೆಸರಿಗೆ. ಜಗಲಿ ಕಡೆಯಿಂದ ಯಾರೋ ಕಿಸಕ್ಕೆಂದರು.

ಅಷ್ಟರಲ್ಲಿ ನೀಲವ್ವನ ಅತ್ತೆ ಸಿದ್ದವ್ವ ಓಡಿಬಂದಳು. ‘ಎಷ್ಟು ಸಲ ಹೇಳ್ಬೇಕೇ ನಿಂಗೆ? ಬಗ್ಗಬ್ಯಾಡ, ಎತ್ತಬ್ಯಾಡ ಅಂತ ಡಾಕ್ಟ್ರಮ್ಮ ಬಾಯಿ ಬಡ್ಕಂಡು ಹೇಳ್ಯಾಳೆ. ನಾನು ಬರೋತನಕ ತಡೆಯಾಕೆ ಏನಾಗಿತ್ತು?’

‘ನಿಮಗೆ ಎತ್ತಾಕೆ ಆಗುತ್ತಾ ಅತ್ತಿ? ನೀರು ಬ್ಯಾರೆ ನಿಂತು ಹೋಗ್ತಿತ್ತು.’

ಸಿದ್ದವ್ವ ನನ್ನ ಕಡೆ ತಿರುಗಿದಳು. ದನಿ ಇಳಿಯಿತು. ‘ಹೋದ ವರ್ಷ ಒಂದು ಕೂಸು ಕಳಕೊಂಡಾಳ್ರಿ. ಇದೇ ಗುಂಡ್ಯಾಗಿಂದ ಕೊಡ ಎತ್ತಿ ಮನಿಗೆ ಬಂದೋಳು, ಅವತ್ತೇ ಹೊಟ್ಟೆನೋವು ಅಂತ ಮಲಗಿದ್ಲು. ಈ ಸಲನಾರ ಉಳೀಲಿ ಅಂತ ದೇವ್ರಿಗೆ ಮುಡಿಪು ಕಟ್ಟೀನಿ.’

ಕೆಸರಿನಿಂದ ಪೇಪರು ಹೆಕ್ಕುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಯಾಕೆ ಗೊತ್ತೇ? ಆ ಗುಂಡಿ ನನ್ನದು.

ಮೂರು ವರ್ಷದ ಹಿಂದೆ ನಮ್ಮ ಓಣಿಗೆ ನಲ್ಲಿ ಬಂದಾಗ ಒಂದು ಕಮಿಟಿ ಮಾಡಿಕೊಂಡೆವು. ಐದು ಜನ, ಐದೂ ಗಂಡಸರು. ನನಗೆ ಗ್ರಾಫ್ ಪೇಪರಿನ ಮೇಲೆ ಗೆರೆ ಎಳೆಯಲು ಬರುತ್ತದೆ ಅನ್ನೋ ಒಂದೇ ಕಾರಣಕ್ಕೆ ಪ್ಲಾನು ನನ್ನ ತಲೆಗೆ ಬಿತ್ತು. ಪ್ರೆಷರ್ ಕಡಿಮೆ, ನಲ್ಲಿ ತಗ್ಗಿಸಿದಷ್ಟೂ ನೀರು ಜೋರು. ಸರಿ, ನೆಲಮಟ್ಟಕ್ಕೆ ನಲ್ಲಿ, ಅದರ ಕೆಳಗೆ ಕೊಡಕ್ಕೊಂದು ಗುಂಡಿ. ಲೆಕ್ಕ ತಪ್ಪಿರಲಿಲ್ಲ. ಧಾರೆ ಕೈ ಗಾತ್ರ ಬಂತು. ಎಲ್ಲರೂ ಭೇಷ್ ಅಂದರು. ತುಂಬಿದ ಕೊಡ ಅಲ್ಲಿಂದ ಮೇಲಕ್ಕೆ ಹೇಗೆ ಬರುತ್ತದೆ? ಆ ಪ್ರಶ್ನೆ ನನ್ನ ಗ್ರಾಫ್ ಪೇಪರಿನಲ್ಲಿ ಇರಲಿಲ್ಲ.

ಅವತ್ತು ಶಾಲೆಯಲ್ಲಿ ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ಮರುದಿನ ಬೆಳಿಗ್ಗೆ ರಿಸ್ಟ್ ವಾಚ್ ಕಟ್ಟಿಕೊಂಡು ನಲ್ಲಿಯ ಎದುರಿನ ಕಟ್ಟೆ ಮೇಲೆ ಕೂತೆ. (ಹೆಂಗಸರು ಮೊದಲು ಸೆರಗು ಸರಿಮಾಡಿಕೊಂಡರು, ಆಮೇಲೆ ನನ್ನನ್ನು ಮರೆತರು.) ನೋಡುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. ಕೊಡ ಬೇಗ ತುಂಬುತ್ತಿತ್ತು, ನಿಜ. ಆದರೆ ತುಂಬಿದ ಕೊಡ ಅಲ್ಲೇ ಕೂತಿರುತ್ತಿತ್ತು. ಎತ್ತಲು ಇಬ್ಬರು ಬೇಕು. ಇನ್ನೊಬ್ಬಳು ತನ್ನ ಕೊಡ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಬಗ್ಗುವ ಹೊತ್ತಿಗೆ ನೀರು ತುಂಬಿ ಚೆಲ್ಲಿ ಚರಂಡಿ ಸೇರುತ್ತಿತ್ತು. ತುಂಬುವ ಹೊತ್ತಿಗಿಂತ ಎತ್ತುವ ಹೊತ್ತೇ ಹೆಚ್ಚು. ಸಾಲಿನ ಕೊನೆಯಲ್ಲಿದ್ದವರಿಗೆ ಕೊಡ ಕುಕ್ಕಿ ಜಗಳ ಮಾಡುವುದಷ್ಟೇ ಉಳಿಯುತ್ತಿತ್ತು. ನಾವು ಗಂಡಸರು ಇಷ್ಟು ದಿನ ಏನು ಹೇಳುತ್ತಿದ್ದೆವು? ಹೆಂಗಸರಿಗೆ ಶಿಸ್ತಿಲ್ಲ ಅಂತ.

ಸಾಲು ಕರಗಿದ ಮೇಲೆ ನೀಲವ್ವನನ್ನು ಕೇಳಿದೆ. ‘ನಿಮ್ಮ ಹರಿಹರದಾಗೆ ಹೆಂಗಮ್ಮ ನೀರು ತರ್ತಿದ್ರಿ?’ (ಆಕೆಯ ತವರು ಹರಿಹರ.)

‘ಹೊಳೆಯಾಗ್ರಿ. ಸೊಂಟಮಟ್ಟ ನೀರಿಗಿಳಿದು ಕೊಡ ಅದ್ದಿದ್ರೆ ಹೊಳೆನೇ ಅದನ್ನ ಹಿಡಕೊಂಡಿರತೈತೆ. ಹಂಗೇ ನಡಕ್ಕೆ ಒರಗಿಸ್ಕೊಂಡು ಮೆಟ್ಲು ಹತ್ತೋದು. ಬಗ್ಗೋದೇ ಇಲ್ಲ. ನಮ್ಮಮ್ಮ ನನ್ನ ಹೊಟ್ಟೆಯಾಗಿಟ್ಕೊಂಡು ದಿನಾ ತಂದಾಳೆ.’

ನಾನು ಬಿ.ಎ. ಓದಿದವನು. ಬಾಯಿ ಮುಚ್ಚಿಕೊಂಡು ಕೇಳಿದೆ.

ಸಂಜೆ ಕಮಿಟಿ ಕರೆದೆ. ನಲ್ಲಿ ಎತ್ತರಿಸೋಣ, ಕೆಳಗೊಂದು ಕಲ್ಲು ಕಟ್ಟೋಣ, ಕೊಡ ಸೊಂಟಮಟ್ಟದಲ್ಲಿ ಕೂರಲಿ ಎಂದೆ. ಧಾರೆ ಸಣ್ಣದಾಗುತ್ತದೆ, ಸಾಲು ಉದ್ದವಾಗುತ್ತದೆ ಎಂದು ನಾಲ್ವರೂ ನನ್ನ ಮೇಲೆ ಮುಗಿಬಿದ್ದರು. ವಾಚು ತೋರಿಸಿದರೂ ನಂಬಲಿಲ್ಲ. ಆಗ ನಲ್ಲಿ ಫಿಟರ್ ಖಾದರ್ ಸಾಬರು ದಾರಿ ಹೇಳಿದರು. ‘ಜಗಳ ಯಾಕ್ರಿ ಸಾಬ್? ಕಲ್ಲು ಕಟ್ಟೋಕೆ ಮುಂಚೆ ಒಂದು ದಿನ ಸುಳ್ಳು ನಲ್ಲಿ ಮಾಡಿ ನೋಡೋಣ.’

ಮರುದಿನ ನಲ್ಲಿಗೆ ಉದ್ದ ಪೈಪು ಸಿಕ್ಕಿಸಿದರು. ಕಲ್ಲಿಗೆ ಬದಲು ಏನು? ಓಣಿಯಲ್ಲಿ ಹತ್ತಿ ಮಾರ್ಕೆಟ್ಟಿನ ಗಾಡಿಯೊಂದು ಎತ್ತು ಬಿಚ್ಚಿ ನಿಂತಿತ್ತು. ಅದನ್ನೇ ತಳ್ಳಿ ತಂದೆವು. ನೊಗ ನೆಲಕ್ಕೆ ಊರಿದ್ದರಿಂದ ಗಾಡಿ ಮುಂದೆ ತಗ್ಗು, ಹಿಂದೆ ಎತ್ತರ. ಕೊಡ ಜಾರದ ಹಾಗೆ ಇಟ್ಟಿಗೆ ಕೊಟ್ಟೆವು. ಹೆಂಗಸರು ಒಬ್ಬೊಬ್ಬರೇ ಬಂದು ತುಂಬಿದ ಕೊಡ ನಡಕ್ಕೆ ಎಳೆದುಕೊಂಡು ನೋಡಿದರು. ಸರಿಬಂದ ಜಾಗಕ್ಕೆ ನಾನು ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಧಾರೆ ಸಣ್ಣದಾದದ್ದು ನಿಜ. ಆದರೂ ನೀರು ನಿಲ್ಲುವ ಮುಂಚೆಯೇ ಸಾಲು ಮುಗಿದಿತ್ತು. ಕಮಿಟಿಯ ನಾಲ್ವರೂ ಒಪ್ಪಿದರು.

ಆದರೆ ನನ್ನ ತೊಂದರೆ ಮುಗಿದಿರಲಿಲ್ಲ. ಗಾಡಿ ತುಂಬ ಗೆರೆ. ಎತ್ತರದ ನೀಲವ್ವನದು ಹಿಂದೆ, ಗಿಡ್ಡಕ್ಕಿರುವ ಸಿದ್ದವ್ವನದು ನೊಗದ ಹತ್ತಿರ. ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಕಟ್ಟಲು ಆಗುತ್ತದೆಯೇ? ನಾನು ತಲೆ ಕೆರೆದುಕೊಳ್ಳುತ್ತಿದ್ದೆ.

‘ಕಲ್ಲು ಒಂದೇ ಇರ್ಲಿ ಬಿಡ್ರಿ’ ಎಂದಳು ನೀಲವ್ವ. ‘ನಾವು ನಿಂದ್ರೋ ಮೆಟ್ಲು ಬ್ಯಾರೆ ಬ್ಯಾರೆ ಮಾಡ್ರಿ. ಹೊಳೆಯಾಗೂ ಹಂಗೇ ಅಲ್ವಾ? ಉದ್ದಕ್ಕಿರೋರು ಕೆಳಗಿನ ಮೆಟ್ಲಿಗೆ ಇಳೀತೀವಿ, ಗಿಡ್ಡಕ್ಕಿರೋರು ಮೇಲಿನ ಮೆಟ್ಲಿಗೇ ನಿಂದಿರ್ತಾರೆ.’

ಖಾದರ್ ಸಾಬರು ನನ್ನ ಮುಖ ನೋಡಿದರು. ನಾನು ಗ್ರಾಫ್ ಪೇಪರು ಮಡಚಿ ಜೇಬಿಗಿಟ್ಟೆ.

ಹದಿನೈದು ದಿನದಲ್ಲಿ ಗುಂಡಿ ಮುಚ್ಚಿ, ಎತ್ತರದ ಕಲ್ಲು ಕೂರಿಸಿ, ಅದರ ಮುಂದೆ ಮೂರು ಮೆಟ್ಟಿಲು ಕಟ್ಟಿದರು. ಚರಂಡಿಗೆ ಹೋಗುವ ನೀರು ಈಗ ಬೊಗಸೆಯಷ್ಟು. ನೀಲವ್ವ ಹೆರಿಗೆಗೆ ಹರಿಹರಕ್ಕೆ ಹೋಗುವತನಕ ದಿನಾ ಚಿಕ್ಕದೊಂದು ಕೊಡ ತಾನೇ ಒಯ್ದಳು. ಬೇಡ ಅಂದರೆ ಕೇಳಬೇಕಲ್ಲ. ಆಕೆ ಬಗ್ಗದೆ ನಡೆದು ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಪ್ರತಿದಿನವೂ ಹೆದರಿಕೊಂಡೇ ನೋಡಿದೆ.

ನಿನ್ನೆ ಸಂಜೆ ಸಿದ್ದವ್ವ ಸಕ್ಕರೆ ಕಟ್ಟಿಕೊಂಡು ಬಂದಳು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಆರಾಮ. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ನನ್ನ ಕಣ್ಣೂ ತುಂಬಿ ಬಂತು, ಮುಚ್ಚಿಡುವುದೇನು?

ಆ ಖುಷಿಯಲ್ಲೇ ಒಂದು ಮಾತು ಬಾಯಿ ತಪ್ಪಿ ಬಂತು. ‘ಆ ಗುಂಡಿ ತ್ರಾಸು ಆಗ್ತೈತೆ ಅಂತ ಮೊದ್ಲೇ ಒಂದು ಮಾತು ಹೇಳಬಾರದಿತ್ತೇನವ್ವ?’

ಸಿದ್ದವ್ವನಿಗೆ ಆಶ್ಚರ್ಯವಾಯಿತು. ‘ಹೇಳಿದ್ವಲ್ರಿ. ನಲ್ಲಿ ಹಾಕಿದ ವಾರನೇ ನಾವೆಲ್ಲಾ ಸೇರಿ ನಿಮ್ಮ ಮನಿಯೋರಿಗೆ ಹೇಳಿದ್ವಿ. ನಿಮ್ಮ ಕಿವಿಗೆ ಹಾಕ್ತೀನಿ ಅಂದಿದ್ರು.’

ನನ್ನ ಹೆಂಡತಿ ಶಾರದೆ ಅಲ್ಲೇ ಕೂತು ಸಕ್ಕರೆಯನ್ನು ಡಬ್ಬಿಗೆ ಸುರಿಯುತ್ತಿದ್ದಳು. ಆಕೆಯೂ ಮೂರು ವರ್ಷ ಅದೇ ಗುಂಡಿಯಿಂದ ನೀರು ಎತ್ತಿದವಳು. ಆಕೆಯ ಕಡೆ ನೋಡಿದೆ.

‘ಹೇಳಿದ್ದೆ’ ಎಂದಳು, ತಲೆ ಎತ್ತದೆ. ‘ನೀವು ಅಂಕಣ ಬರೀತಿದ್ರಿ. ಸುಮ್ಮನಿರು ಅಂದ್ರಿ.’