ಹಾಸಿಗೆ ಗೋದಾಮಿನ ಡ್ರಮ್ಮರ್

ಈಗ ಆ ನಾಲ್ವರ ರಾಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಟಿಕೆಟ್ ಸಿಕ್ಕಿತೆಂದರೆ, ಸಿಕ್ಕವರು ಅದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಪತ್ರಿಕೆಯವರು ಹಾಡುಗಾರನ ಕೂದಲಿನ ಬಗ್ಗೆ ಒಂದು ಪುಟ, ಗಿಟಾರಿನವನ ಬಗ್ಗೆ ಎರಡು ಪುಟ ಬರೆಯುತ್ತಾರೆ. ಹಿಂದೆ ಕೂತು ಡ್ರಮ್ ಬಾರಿಸುವ ಹೆಂಗಸಿನ ಪಾಲಿಗೆ ಕೊನೆಯಲ್ಲಿ ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತಾರೆ. ಬರೆಯುವವರಿಗೆ ಬುದ್ಧಿ ಹೇಳಲು ನಾನು ಯಾರು? ಆದರೂ ಹೊಟ್ಟೆ ಉರಿಯುತ್ತದೆ. ಆ ಬ್ಯಾಂಡ್ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳಲ್ಲಿ ಅವಳು ಒಂದು ತಿಂಗಳು ಹಿಡಿದ ಹಟದ ಕಥೆ ಇವರಿಗೆ ಯಾರಿಗೂ ಗೊತ್ತಿಲ್ಲ.

ಎಲ್ಲರೂ ಅವಳನ್ನು ದಬ್ಬಣ ಎಂದೇ ಕರೆಯುತ್ತಿದ್ದರು. ಅಪ್ಪನದು ಹಾಸಿಗೆ ಹೊಲಿಯುವ ಅಂಗಡಿ. ಮಗಳು ಉದ್ದಕ್ಕೆ, ತೆಳ್ಳಗೆ, ಮಾತೂ ಚುಚ್ಚುವಂಥದ್ದೇ. ಹಾಸಿಗೆ ಹೊಲಿಯುವ ದೊಡ್ಡ ಸೂಜಿಯ ಹೆಸರು ತಾನಾಗಿ ಬಂದು ಅಂಟಿಕೊಂಡಿತು. ಎರಡು ಕೋಲು ಹಿಡಿದು ಹತ್ತಿ ಬಡಿಯುವುದು ಅವಳ ಪಾಲಿನ ಕೆಲಸ. ಪೆಟ್ಟು ಒಂದೇ ಸಮ ಬೀಳದಿದ್ದರೆ ಹತ್ತಿಯಲ್ಲಿ ಗಂಟು ಉಳಿಯುತ್ತದೆ. ಗಂಟು ಉಳಿದರೆ ಗಿರಾಕಿ ಮರುದಿನವೇ ಬೆನ್ನು ಹಿಡಿದುಕೊಂಡು ಬಾಗಿಲಿಗೆ ಬರುತ್ತಾನೆ. ಅಣ್ಣ ಗಿಟಾರ್ ಕೊಂಡು, ಇಬ್ಬರು ಗೆಳೆಯರನ್ನು ಸೇರಿಸಿಕೊಂಡು, ಡ್ರಮ್ಮಿಗೆ ಜನ ಸಿಗದೆ ಪೇಚಾಡುತ್ತಿದ್ದಾಗ ಅಪ್ಪನೇ ಹೇಳಿದ:

“ಊರೆಲ್ಲ ಯಾಕೋ ಹುಡುಕ್ತೀಯ? ಮನೇಲೇ ಒಬ್ಬಳು ದಿನವಿಡೀ ಬಡೀತಾ ಕೂತಿರ್ತಾಳಲ್ಲ.”

ಅಪ್ಪ ಹೇಳಿದ್ದು ತಮಾಷೆಗೆ. ಅವಳು ಮಾತ್ರ ಕೋಲು ಕೆಳಗಿಟ್ಟು, ಮೈಮೇಲಿನ ಹತ್ತಿ ಕೊಡವಿಕೊಂಡು, “ಯಾವಾಗಿಂದ?” ಎಂದು ಕೇಳಿದಳು.

ಅಂಗಡಿಯ ಹಿಂದಿನ ಗೋದಾಮೇ ಅವರ ತಾಲೀಮಿನ ಜಾಗವಾಯಿತು. ಮೂರು ಗೋಡೆಗೂ ಸೂರು ಮುಟ್ಟುವಷ್ಟು ಹಾಸಿಗೆ ಪೇರಿಸಿಟ್ಟಿದ್ದರು. ಎಷ್ಟು ಜೋರಾಗಿ ಬಾರಿಸಿದರೂ ಹಾಸಿಗೆಗಳು ಸದ್ದನ್ನು ನುಂಗಿ ಸುಮ್ಮನಾಗುತ್ತಿದ್ದವು. ಬ್ಯಾಂಡಿನವರೆಂದರೆ ಮನೆ ಬಾಡಿಗೆಗೆ ಕೊಡದ ಓಣಿಯಲ್ಲಿ ಇವರ ಮೇಲೆ ಒಂದೇ ಒಂದು ದೂರು ಬರಲಿಲ್ಲ. ಎರಡು ವರ್ಷ, ಅಂಗಡಿಗೆ ರಜೆಯಿದ್ದ ಪ್ರತಿ ದಿನ, ನಾಲ್ವರೂ ಅಲ್ಲಿ ಬೆವರು ಹರಿಸಿದರು. ತಮ್ಮನ್ನು ಮೀರಿಸುವವರಿಲ್ಲ ಎಂದು ತಲೆಗೂ ಸ್ವಲ್ಪ ಏರಿತ್ತು.

ಮೊದಲ ಕಾರ್ಯಕ್ರಮ ಕಾರ್ಮಿಕ ಸಂಘದ ಸಭಾಂಗಣದಲ್ಲಿ. ಎತ್ತರದ ಸೂರು, ಬೋಳು ಗೋಡೆ. ಅವಳು ಮೊದಲ ಪೆಟ್ಟು ಹಾಕಿದಳು. ಅದು ಹಿಂದಿನ ಗೋಡೆಗೆ ಹೋಗಿ ಬಡಿದು ವಾಪಸು ಬಂತು. ಗೋದಾಮಿನಲ್ಲಿ ಹೋದ ಸದ್ದು ಒಂದು ದಿನವೂ ಹಿಂದಿರುಗಿ ಬಂದಿರಲಿಲ್ಲ. ಗೋಡೆಯಿಂದ ಬಂದದ್ದೇ ಸರಿಯಾದ ತಾಳವಿರಬೇಕೆಂದು ಅದಕ್ಕಾಗಿ ಕಾದಳು. ಕಾದಷ್ಟೂ ಕೈ ನಿಧಾನವಾಯಿತು, ನಿಧಾನವಾದಷ್ಟೂ ಅದು ಇನ್ನೂ ತಡವಾಗಿ ಬಂತು. ಹಾಡು ಪಂಕ್ಚರ್ ಆದ ಸೈಕಲ್ಲಿನಂತೆ ತೆವಳಿತು. ಮೂರನೆಯ ಹಾಡಿಗೆ ಅರ್ಧ ಸಭಾಂಗಣ ಖಾಲಿ.

ಮೂರು ದಿನ ಅಣ್ಣ ಅವಳ ಮುಖ ತಪ್ಪಿಸಿ ಓಡಾಡಿದ. ನಾಲ್ಕನೆಯ ದಿನ ಅಂಗಡಿಗೆ ಬಂದು, ಹೊಲಿಯುತ್ತಿದ್ದ ಹಾಸಿಗೆಯ ಅಂಚಿನಲ್ಲಿ ಕೂತು, ದಾರದ ಉಂಡೆಯೊಂದನ್ನು ಕೈಯಲ್ಲಿ ತಿರುಗಿಸತೊಡಗಿದ.

“ಸಭಾಂಗಣದ ಮ್ಯಾನೇಜರ್ ಸಿಕ್ಕಿದ್ರು. ಮುಂದಿನ ತಿಂಗಳು ಅಲ್ಲೇ ನಾಲ್ಕು ಬ್ಯಾಂಡ್ ಸೇರಿಸಿ ಕಾರ್ಯಕ್ರಮ ಮಾಡ್ತಾರಂತೆ. ರೆಕಾರ್ಡ್ ಕಂಪನಿಯವರೂ ಕೇಳೋಕೆ ಬರ್ತಾರಂತೆ. ನಮಗೂ ಒಂದು ಜಾಗ ಕೊಡ್ತಾರೆ.”

“ಆಮೇಲೆ?”

“ಆಮೇಲೆ ಏನು?”

“ಅದಿಷ್ಟೇ ಆಗಿದ್ರೆ ಕುಣ್ಕೊಂಡು ಬರ್ತಿದ್ದೆ ನೀನು. ಉಂಡೆ ಕೆಳಗಿಡು, ಸಿಕ್ಕಾಗುತ್ತೆ. ಆಮೇಲೆ?”

“ಆ ಹುಡುಗಿ ಬೇಡ ಅಂದ್ರು.”

ದಬ್ಬಣ ಇನ್ನೂ ನಾಲ್ಕು ಹೊಲಿಗೆ ಹಾಕಿದಳು.

“ತಪ್ಪು ನಂದೇ ಅಣ್ಣ. ಆದ್ರೆ ಎಲ್ಲಿ ತಪ್ಪಿತು ಅಂತ ನನಗೆ ಗೊತ್ತಾಗಿದೆ. ನಾನು ಗೋಡೆ ಮಾತು ಕೇಳಿ ಕೆಟ್ಟೆ. ಈ ಒಂದು ತಿಂಗಳು ಕೊಡು. ಆಗ್ಲೂ ಆಗ್ಲಿಲ್ಲ ಅಂದ್ರೆ ನಾನೇ ಎದ್ದು ಹೋಗ್ತೀನಿ.”

“ಆಯ್ತು, ಮ್ಯಾನೇಜರ್‌ಗೆ ನಾನು ಹೇಳ್ಕೋತೀನಿ” ಎಂದ ಅಣ್ಣ. ಇಷ್ಟು ಬೇಗ ಒಪ್ಪಿದನಲ್ಲ ಎಂದು ಅವಳಿಗೆ ಅನಿಸದೆ ಇರಲಿಲ್ಲ.

ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುವ ಗೆಳೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಿಗ್ಗೆ ಏಳಕ್ಕೆ ಬಸ್ಸುಗಳೆಲ್ಲ ಹೊರಟ ಮೇಲೆ ಡಿಪೋದ ಶೆಡ್ಡು ಎಂಟರವರೆಗೆ ಖಾಲಿ ಬಿದ್ದಿರುತ್ತದೆ. ಕೆಮ್ಮಿದರೂ ಎರಡು ಸಲ ಕೇಳಿಸುವ ಜಾಗ. ದಬ್ಬಣ ಡಿಪೋದ ಮೇಲ್ವಿಚಾರಕರ ಮುಂದೆ ಹೋಗಿ ನಿಂತಳು. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು.

“ಇಲ್ಲಿ ಬಸ್ ರಿಪೇರಿ ಮಾಡ್ತಾರಮ್ಮ.”

“ನಾನೂ ರಿಪೇರಿಗೇ ಬಂದಿರೋದು ಸಾರ್.”

ಡ್ರೈವರುಗಳು ಮಲಗುವ ಕೋಣೆಯ ಆರು ಹಾಸಿಗೆಗಳನ್ನು ಬಿಚ್ಚಿ, ಹತ್ತಿ ಬಡಿದು, ಹೊಸದಾಗಿ ಹೊಲಿದುಕೊಡುವುದೆಂದು ಮಾತಾಯಿತು. ಬದಲಿಗೆ ದಿನಕ್ಕೆ ಒಂದು ಗಂಟೆ ಶೆಡ್ಡು ಅವಳದು.

ಮೊದಲ ವಾರ ಕಿವಿಗೆ ಹತ್ತಿ ತುರುಕಿಕೊಂಡು ಬಾರಿಸಿದಳು. ಹತ್ತಿಗೇನು ಬರ? ಆದರೆ ತನ್ನ ಸದ್ದೇ ತನಗೆ ಕೇಳದೆ ಗುದ್ದಿ ಗುದ್ದಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಎರಡನೆಯ ವಾರ ಹತ್ತಿ ಕಿತ್ತು ಬಿಸಾಡಿ ಬಾಯಿಬಿಟ್ಟು ಎಣಿಸತೊಡಗಿದಳು: ಒಂದು, ಎರಡು, ಮೂರು, ನಾಲ್ಕು. ತನ್ನ ಬಾಯಿ ತನ್ನ ಹತ್ತಿರವೇ ಇದೆ. ಗೋಡೆ ಎಷ್ಟು ಬೇಕಾದರೂ ತಡಮಾಡಲಿ, ಎಣಿಕೆ ತಡವಾಗುವುದಿಲ್ಲ. ಮೆಕ್ಯಾನಿಕ್ ಗಡಿಯಾರ ಹಿಡಿದು ಶೆಡ್ಡಿನ ಆ ತುದಿಯಲ್ಲಿ ನಿಂತ. ನಾಲ್ಕು ನಿಮಿಷದ ಹಾಡು.

“ಇಪ್ಪತ್ತು ಸೆಕೆಂಡ್ ಜಾಸ್ತಿ ಆಯ್ತು!” ಎಂದು ಕೂಗಿದ.

“ಮತ್ತೆ” ಎಂದಳು.

ಹದಿನಾರು ಸೆಕೆಂಡು. ಮತ್ತೆ. ಮೂರನೆಯ ವಾರ ಒಂಬತ್ತು. ಒಂದು ದಿನ ಇದ್ದಕ್ಕಿದ್ದಂತೆ ಇಪ್ಪತ್ತೆರಡಕ್ಕೆ ಏರಿತು; ಅವತ್ತು ಕೋಲುಗಳನ್ನು ಎಸೆದು, ತಾನೇ ಹೋಗಿ ಆರಿಸಿಕೊಂಡು ಬಂದು ಕೂತಳು. ತಿಂಗಳು ತುಂಬುವ ಹೊತ್ತಿಗೆ ಮೆಕ್ಯಾನಿಕ್ ಗಡಿಯಾರವನ್ನೇ ಅಲ್ಲಾಡಿಸಿ ಕಿವಿಗಿಟ್ಟು ನೋಡಿದ. ಒಂದೇ ಸೆಕೆಂಡು ಹೆಚ್ಚು.

ಕಾರ್ಯಕ್ರಮದ ಸಂಜೆ ಅವಳು ವೇದಿಕೆ ಹತ್ತಿ, ಕುರ್ಚಿಯನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡು ತಲೆಯೆತ್ತಿದಾಗ ಪರದೆಯ ಪಕ್ಕದಲ್ಲಿ ಒಬ್ಬ ನಿಂತಿದ್ದ. ದೊಡ್ಡ ಹೋಟೆಲಿನಲ್ಲಿ ಡ್ರಮ್ ಬಾರಿಸುವವನು. ಊರಿನ ಬ್ಯಾಂಡಿನವರಿಗೆಲ್ಲ ಪರಿಚಯದ ಮುಖ. ಕೈಯಲ್ಲಿ ಅವನವೇ ಕೋಲುಗಳು. ಯಾಕೆ ಬಂದಿದ್ದಾನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣನ ಕಡೆ ನೋಡಿದಳು. ಅಣ್ಣ ಗಿಟಾರಿನ ತಂತಿ ಸರಿಮಾಡುವುದರಲ್ಲಿ ಮುಳುಗಿಹೋಗಿದ್ದ. ಆ ನೋವು ಅವಳಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಎದ್ದು ಹೊರಟುಬಿಡಲೇ ಎಂದೂ ಅನಿಸಿತು. ಹೊರಟರೆ ಅವನು ಬಂದು ಕೂರುತ್ತಾನೆ, ಅಷ್ಟೇ. ಎಣಿಸಲು ಶುರುಮಾಡಿದಳು.

ಮೊದಲ ಹಾಡು ನೆಟ್ಟಗೆ ಹೋಯಿತು. ಎರಡನೆಯದರ ನಡುವೆ ಗಿಟಾರ್ ಹಿಂದೆ ಬೀಳತೊಡಗಿತು, ಅದರ ಬೆನ್ನಿಗೆ ಹಾಡುಗಾರನೂ. ಅವರಿಗೂ ಈಗ ಗೋಡೆಯಿಂದ ಬಂದ ತಾಳವೇ ಕೇಳುತ್ತಿತ್ತು! ಕಳೆದ ಸಲ ತಪ್ಪು ನನ್ನೊಬ್ಬಳದಲ್ಲ ಎಂದು ಅವಳಿಗೆ ಹೊಳೆದದ್ದು ಆಗಲೇ. ಅಣ್ಣ ತಿರುಗಿ, ಅಂಗೈ ಕೆಳಗೆ ಮಾಡಿ, ನಿಧಾನ, ನಿಧಾನ ಎಂದು ಸನ್ನೆ ಮಾಡಿದ. ಹಾಡುಗಾರ ಕಣ್ಣು ಕೆಂಪಗೆ ಮಾಡಿ ನೋಡಿದ. ಪರದೆಯ ಪಕ್ಕದವನು ಒಂದು ಹೆಜ್ಜೆ ಮುಂದೆ ಬಂದ.

ಇಬ್ಬರು ಒಂದು ಕಡೆ, ಅವಳೊಬ್ಬಳು ಇನ್ನೊಂದು ಕಡೆ, ಮೆಕ್ಯಾನಿಕ್ ನಡುವೆ ತಡವರಿಸುತ್ತಿದ್ದ. ಅವಳು ಅಣ್ಣನ ಕಣ್ಣಲ್ಲಿ ಕಣ್ಣಿಟ್ಟು ತಲೆ ಅಡ್ಡ ಆಡಿಸಿದಳು; ಬಾಯಲ್ಲಿ ಎಣಿಕೆ ಇನ್ನೂ ಜೋರಾಯಿತು. ಕೈ ಕೂದಲೆಳೆಯಷ್ಟೂ ತಗ್ಗಲಿಲ್ಲ. ಡಿಪೋದಲ್ಲಿ ತಿಂಗಳೆಲ್ಲ ಆ ಎಣಿಕೆ ಕೇಳಿದ್ದ ಮೆಕ್ಯಾನಿಕ್ ಮೊದಲು ಅವಳ ಜೊತೆಗೆ ಬಂದ. ಎರಡು ಸಾಲು ದಾಟುವಷ್ಟರಲ್ಲಿ ಹಾಡುಗಾರ ಬಂದ. ಕೊನೆಗೆ ಅಣ್ಣ. ನಾಲ್ವರೂ ಸೇರಿದ ಆ ಕ್ಷಣ ಹಿಂದಿನ ಸಾಲಿನವರು ಎದ್ದು ನಿಂತರು. ಮೂರನೆಯ ಹಾಡಿಗೆ ಹೋಟೆಲಿನ ಡ್ರಮ್ಮರ್ ಕೋಲುಗಳನ್ನು ಚೀಲಕ್ಕೆ ಹಾಕಿ, ಮೆಟ್ಟಿಲಿಳಿದು, ಜನರ ನಡುವೆ ಖಾಲಿ ಕುರ್ಚಿಯೊಂದನ್ನು ಹುಡುಕಿಕೊಂಡು ಕೂತ.

ಎಲ್ಲ ಮುಗಿದು ಸಾಮಾನು ಕಟ್ಟುವಾಗ ಅಣ್ಣ ಹತ್ತಿರ ಬಂದು ನಿಂತ. ಹೊರಗೆ ರೆಕಾರ್ಡ್ ಕಂಪನಿಯವರು ಕಾಯುತ್ತಿದ್ದರು.

“ನೀನೇ ಕರೆಸಿದ್ದಾ ಅವನನ್ನ?” ಎಂದು ಅವಳು ಕೇಳಿದಳು.

“ಹೂಂ. ಭಯ ಆಗಿತ್ತು ಕಣೆ.”

“ನನಗೂ ಆಗಿತ್ತು. ನಾನು ಯಾರನ್ನೂ ಕರೆಸಿರ್ಲಿಲ್ಲ.”

ಅಣ್ಣ ಎಲ್ಲಕ್ಕಿಂತ ಭಾರದ ಡ್ರಮ್ಮನ್ನು ಎತ್ತಿಕೊಂಡು, ಬಾಗಿಲನ್ನು ಹೆಗಲಿನಿಂದ ತಳ್ಳಿ ಹಿಡಿದು, ಅವಳು ಮುಂದೆ ಹೋಗಲೆಂದು ಕಾದು ನಿಂತ.