ಕೆಲಸ ಹೋದ ವಾರ ಹೇಳಿದ ಧೈರ್ಯ

ಇಪ್ಪತ್ತೆರಡು ವರ್ಷ ದುಡಿದ ಫ್ಯಾಕ್ಟರಿ ನನ್ನನ್ನು ಮನೆಗೆ ಕಳಿಸಿದ ವಾರವೇ, ಬನಶಂಕರಿಯಲ್ಲಿ ನಾನು ಓದಿದ ಪಾಲಿಟೆಕ್ನಿಕ್‌ನಿಂದ ಕರೆ ಬಂತು. ಹಳೆಯ ವಿದ್ಯಾರ್ಥಿನಿಯಾಗಿ ಈಗಿನ ಹುಡುಗಿಯರಿಗೆ ಧೈರ್ಯ ಹೇಳಬೇಕಂತೆ. ಒಲ್ಲೆನೆನ್ನಲು ಬಾಯಿ ಬರಲಿಲ್ಲ.

ಮಾತಿನ ನಡುವೆ ಒಬ್ಬಳು ಎದ್ದಳು. "ಮೇಡಂ, ನಿಮ್ ಕಂಪನೀಲಿ ಕೆಲಸ ಕೊಡಿಸ್ತೀರಾ? ಇಲ್ಲಾಂದ್ರೆ ಮನೇಲಿ ಮದುವೆ ಮಾಡ್ಬಿಡ್ತಾರೆ."

"ನನ್ನನ್ನೇ ತೆಗೆದ್ಬಿಟ್ರಮ್ಮ," ಎಂದೆ.

ಕೊಡಲು ನನ್ನಲ್ಲಿದ್ದದ್ದು ಕೈಕೆಲಸ ಮಾತ್ರ. ಅವಳನ್ನು ಲ್ಯಾಬಿಗೆ ಕರೆದೊಯ್ದು, ಸುಟ್ಟ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವುದನ್ನು ಸಂಜೆವರೆಗೂ ಕಲಿಸಿದೆ. ಬೇಗ ಕಲಿತಳು.

ಮರುವಾರ ಉಳಿದವರಿಗೂ ಕಲಿಸಲೆಂದು ಹೋದಾಗ ಅವಳ ಜಾಗ ಖಾಲಿಯಿತ್ತು.

"ಅವ್ಳು ಇನ್ಮೇಲೆ ಬರಲ್ಲ ಮೇಡಂ, ಎಂಗೇಜ್‌ಮೆಂಟ್ ಆಗೋಯ್ತು," ಎಂದಳು ಗೆಳತಿ.

ನನಗೆ ಕೂರಬೇಕೆನಿಸಿತು. ಆದರೆ ಉಳಿದವರು ಬೋರ್ಡು ಹಿಡಿದು ಕಾಯುತ್ತಿದ್ದರು. ಬೆಸುಗೆ ಕಡ್ಡಿ ಎತ್ತಿಕೊಂಡು ಕಲಿಸತೊಡಗಿದೆ.