ಬೋರಲು ಮಲಗಿ ಎದೆ ಎತ್ತುವುದು

ನೋವಿನ ಮುಲಾಮಿನ ಮುಚ್ಚಳ ತೆಗೆದರೆ ಸಾಕು, ಆ ಘಾಟಿನ ಜೊತೆಗೇ ಎದುರು ಮನೆಯ ಮೇಷ್ಟ್ರು ನೆನಪಾಗುತ್ತಾರೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು...

ಕೆಲವು ವರ್ಷಗಳ ಹಿಂದೆ ನಮ್ಮಿಬ್ಬರಿಗೂ ಒಟ್ಟಿಗೇ ಸಯಾಟಿಕಾ ಗಂಟು ಬಿದ್ದಿತ್ತು. ಸೊಂಟದಿಂದ ಹಿಮ್ಮಡಿಯವರೆಗೆ ಕರೆಂಟು ಹೊಡೆದಂಥ ನೋವು. ಶ್ರೀನಗರದಿಂದ ಒಂದೇ ಆಟೋದಲ್ಲಿ ಬನಶಂಕರಿಯ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಪಕ್ಕಪಕ್ಕದ ಮಂಚ, ನಡುವೆ ಒಂದು ಪರದೆ. ಸೊಂಟ ಎಳೆಯುವ ಟ್ರಾಕ್ಷನ್, ಕರೆಂಟಿನ ಪ್ಯಾಡು ಎಲ್ಲವನ್ನೂ ಇಬ್ಬರೂ ನೋಡಿದ್ದಾಯಿತು. ಅದೆಲ್ಲ ಮನೆ ಸೇರುವವರೆಗಿನ ಸುಖ. ಮೊಣಕಾಲನ್ನು ಎದೆಗೆ ಎಳೆದುಕೊಂಡರೆ ನನಗೆ ಹಾಯೆನಿಸುತ್ತಿತ್ತು. ಅದನ್ನೇ ಮಾಡಿದರೆ ಮೇಷ್ಟ್ರ ಕಾಲು ಜೋಮು ಹಿಡಿಯುತ್ತಿತ್ತು. ಅವರಿಗೆ ಒಗ್ಗಿದ್ದು ಬೋರಲು ಮಲಗಿ, ಅಂಗೈ ಊರಿ, ಎದೆ ಎತ್ತುವುದು.

"ಕಾಯಿಲೆ ಒಂದೇ, ನಿಂಗೊಂದು ಮದ್ದು ನಂಗೊಂದು ಮದ್ದು ನೋಡಪ್ಪ," ಎಂದು ಪರದೆಯಾಚೆಯಿಂದ ನಗುತ್ತಿದ್ದರು.

ಅವರಿಗೆ ಬೇಕಾಗಿದ್ದುದು ಒಂದೇ: ಹೆಂಡತಿಯ ಮೊದಲ ವರ್ಷದ ಶ್ರಾದ್ಧಕ್ಕೆ ಮಣೆಯ ಮೇಲೆ ಕೂರುವುದು. ಮಕ್ಕಳಿರಲಿಲ್ಲ. ಕುರ್ಚಿ ಹಾಕಿಸೋಣವೆಂದರೆ ಒಪ್ಪುವ ಜನವಲ್ಲ. ಕೂತಷ್ಟೂ ಕೆಡುವ ಕಾಲು ಬೇರೆ. "ನಡುನಡುವೆ ಎದ್ದು ನಿಮ್ಮ ಎಕ್ಸರ್‌ಸೈಜ್ ಮಾಡಿ ಅಂಕಲ್, ಕೂರಕ್ಕಾಗತ್ತೆ," ಎಂದಿದ್ದರು ಫಿಸಿಯೋ ಮೇಡಂ.

ಶ್ರಾದ್ಧದ ದಿನ ಆಸರೆಗೆಂದು ನನ್ನನ್ನೂ ಕರೆದಿದ್ದರು. ಹಲ್ಲು ಕಚ್ಚಿ ಕೂತಿದ್ದ ಮೇಷ್ಟ್ರು, ಪಿಂಡ ಇಟ್ಟಾದ ಮೇಲೆ ಮೆಲ್ಲಗೆ ಎದ್ದು, ಅದರ ಮುಂದೆಯೇ ಬೋರಲು ಮಲಗಿದರು. ಪುರೋಹಿತರು ತಡೆದರು.

"ಹೆಂಡ್ತಿಗೆ ಗಂಡ ನಮಸ್ಕಾರ ಮಾಡೋ ಹಾಗಿಲ್ಲ ಮೇಷ್ಟ್ರೇ."

"ನಮಸ್ಕಾರ ಅಲ್ಲ ಸ್ವಾಮಿ. ಕಾಲುನೋವಿಗೆ ಹೇಳ್ಕೊಟ್ಟಿರೋ ಎಕ್ಸರ್‌ಸೈಜ್."

ಪುರೋಹಿತರು ಪಕ್ಕಕ್ಕೆ ಸರಿದರು. ಈಗ ಎದೆ ಎತ್ತುತ್ತಾರೆ ಎಂದು ನಾನು ಕಾದೆ. ಎತ್ತಲಿಲ್ಲ... ಹಣೆ ನೆಲಕ್ಕೆ ಹಚ್ಚಿ, ಎರಡೂ ಕೈ ಮುಂದಕ್ಕೆ ಚಾಚಿ ಹಾಗೇ ಇದ್ದರು. ಬೆನ್ನು ಅದುರುತ್ತಿತ್ತು. ನಾನು ಮುಖ ಆಚೆ ತಿರುಗಿಸಿಕೊಂಡೆ.

ಮುಂದಿನ ವರ್ಷದ ಶ್ರಾದ್ಧದ ಹೊತ್ತಿಗೆ ಮೇಷ್ಟ್ರೇ ಇರಲಿಲ್ಲ. ಎದುರು ಮನೆಗೆ ಬೇರೆಯವರು ಬಂದರು.

ಈಗ ನನ್ನ ಕಾಲು ಮತ್ತೆ ಹಿಡಿದುಕೊಂಡಿದೆ. ಕ್ಲಿನಿಕ್ಕಿನಲ್ಲಿ ಪರದೆಯಾಚೆ ಯಾರೋ ಇರುತ್ತಾರೆ, ಮಾತಾಡುವುದಿಲ್ಲ. ವಯಸ್ಸಾದ ಮೇಲೆ ಸೊಂಟದ ಬುದ್ಧಿಯೂ ಬದಲಾಗುತ್ತದೋ ಏನೋ, ಈ ಸಲ ಮೇಡಂ ನನಗೂ ಮೇಷ್ಟ್ರ ವ್ಯಾಯಾಮವನ್ನೇ ಹೇಳಿದ್ದಾರೆ. ಮುಲಾಮು ಹಚ್ಚಿಕೊಂಡು, ಚಾಪೆ ಹಾಸಿ ಬೋರಲು ಮಲಗಿದೆ. ಅಂಗೈ ಊರಿದೆ. ಎದೆ ಎತ್ತಲು ಮನಸ್ಸು ಬರಲಿಲ್ಲ.